ಹಾಡಿನ ಭಾಷೆ ಯಾವುದು, ಪೀಠದ ಮೇಲೆ ಯಾರು?



ಕ್ರೈಸ್ತ ಧರ್ಮಪ್ರಚಾರವನ್ನು ಕುರಿತು ಈಚಿನ ವರ್ಷಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ‘ಚರ್ಚು ಈಗ ಪಾಶ್ಚಾತ್ಯರ ಸೊತ್ತಾಗಿ ಉಳಿದಿಲ್ಲ, ಅದು ಸರ್ವ ಭಾಷೆಗಳ, ಸರ್ವ ಸಂಸ್ಕೃತಿಗಳ ಸಭೆಯಾಗಿದೆ. ಆದ್ದರಿಂದ ಅದನ್ನು ಪರದೇಶದ ಮತವೆಂದು ದೂರುವ ಕಾಲ ಮುಗಿಯಿತು’ ಎಂಬುದೇ ಆ ಮಾತು. ಇದನ್ನು ಹೇಳುವ ವಿದ್ವಾಂಸರು ಬರಿಗೈಯಲ್ಲಿ ಬರುವುದಿಲ್ಲ, ಅಂಕಿಗಳನ್ನು ಹಿಡಿದುಕೊಂಡೇ ಬರುತ್ತಾರೆ. 1910ರಲ್ಲಿ ಜಗತ್ತಿನ ಕ್ರೈಸ್ತರ ಪೈಕಿ ಮೂರರಲ್ಲಿ ಎರಡು ಪಾಲು ಜನ ಯುರೋಪಿನಲ್ಲಿದ್ದರು. 2010ರ ಹೊತ್ತಿಗೆ ಆ ಖಂಡದಲ್ಲಿ ಉಳಿದದ್ದು ಕಾಲು ಪಾಲು ಮಾತ್ರ. ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಜನರಿದ್ದಾರೆ; ಲ್ಯಾಟಿನ್ ಅಮೆರಿಕದಲ್ಲಿಯೂ ಅಷ್ಟೇ. ಈ ಅಂಕಿಗಳನ್ನು ನಾವು ಅಲ್ಲಗಳೆಯುವುದಿಲ್ಲ.

ನಮ್ಮ ತಕರಾರು ಇರುವುದು ‘ಆದ್ದರಿಂದ’ ಎಂಬ ಆ ಒಂದು ಪದದೊಡನೆ. ಒಂದು ಸಂಸ್ಥೆಯಲ್ಲಿ ಯಾರು ಯಾರು ಸೇರಿದ್ದಾರೆ ಎಂಬುದು ಬೇರೆ, ಅದರ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ಬೇರೆ. ಜಾತ್ರೆಗೆ ನೂರು ಊರಿನ ಜನ ಸೇರುತ್ತಾರೆ. ತೇರಿನ ಹಗ್ಗಕ್ಕೆ ಮೊದಲು ಯಾರು ಕೈ ಹಚ್ಚಬೇಕೆಂಬುದನ್ನು ಮಾತ್ರ ನಾಲ್ಕು ಮನೆಯವರು ನಿರ್ಧರಿಸುತ್ತಾರೆ. ಹೀಗಿರಲು, ಜನ ಎಷ್ಟು ಸೇರಿದ್ದಾರೆಂದು ಎಣಿಸಿದ ಮಾತ್ರಕ್ಕೆ ಜಾತ್ರೆ ಎಲ್ಲರದೂ ಆಯಿತೆನ್ನಬಹುದೇ? ಈ ಪ್ರಶ್ನೆಯನ್ನು ದೂರದ ದೇಶಗಳ ಮೇಲೆ ಎಸೆಯುವ ಬದಲು ನಮ್ಮ ಕನ್ನಡ ನೆಲದಲ್ಲಿಯೇ ನಿಂತು ವಿಚಾರಿಸೋಣ.

ಮೊದಲು ಒಪ್ಪಬೇಕಾದುದನ್ನು ಒಪ್ಪಿಬಿಡಬೇಕು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪಿತವಾದ ಮಿಶನ್ನಿನ ಮೂವರು ಪ್ರಚಾರಕರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, ಆಮೇಲೆ ಬೆಟಗೇರಿಗೆ ಅವರ ಕಾರ್ಯ ಹಬ್ಬಿತು. ಅವರಿಗಿಂತ ಮೊದಲೇ, 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ಲನ್ನು ಕನ್ನಡಿಸಲು ಕುಳಿತಿದ್ದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆಯೆಂಬ ಗೌರವ ಅದಕ್ಕೆ ಸಲ್ಲುತ್ತದೆ. ನಮ್ಮ ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ಅಚ್ಚುಮಾಡಿಸಿದವರೂ ಅವರೇ. ಬಸವಪುರಾಣ, ಚೆನ್ನಬಸವಪುರಾಣಗಳ ಸಾರವನ್ನು ಇಂಗ್ಲಿಷಿಗೆ ತಂದವರು ಅದೇ ಮಿಶನ್ನಿನ ವುರ್ಥ್. 1853ರಲ್ಲಿ ಬಂದ ಕಿಟ್ಟೆಲ್ಲರ ಕೋಶ 1894ರಲ್ಲಿ ಪ್ರಕಟವಾಯಿತು. ನಾವು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಆ ಕೋಶವನ್ನು ತೆರೆಯದ ದಿನವೇ ಇರಲಿಲ್ಲವೆಂದರೆ ಉತ್ಪ್ರೇಕ್ಷೆಯಾಗದು. ಇಂದಿಗೂ ನಮ್ಮ ಮೇಜಿನ ಮೇಲೆ ಅದಿದೆ.

‘ಇದೆಲ್ಲ ಮತಾಂತರಕ್ಕಾಗಿ ಮಾಡಿದ್ದಲ್ಲವೇ ಬುದ್ಧಿ?’ ಎಂದು ಭಕ್ತರಲ್ಲಿ ಕೆಲವರು ಕೇಳುತ್ತಾರೆ. ಹೌದು, ಅದಕ್ಕಾಗಿಯೇ. ಅವರು ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಉದ್ದೇಶವನ್ನು ಎತ್ತಿ ತೋರಿಸಿ ಕೋಶವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ವಿಚಾರವಂತರ ಲಕ್ಷಣವಲ್ಲ. ನಾಲ್ಕು ದಶಕ ಪರಭಾಷೆಯೊಂದರ ಗಾದೆ, ಗಿಡ, ಗೇಯ್ಮೆಗಳ ಹೆಸರುಗಳನ್ನು ಕೂಡಿಹಾಕಿದವನ ಶ್ರಮವನ್ನು ‘ಸಂಚು’ ಎಂಬ ಒಂದೇ ಶಬ್ದದಲ್ಲಿ ಮುಗಿಸುವವರು ತಮ್ಮ ತಾಯ್ನುಡಿಗಾಗಿ ನಾಲ್ಕು ದಿನ ಕುಳಿತದ್ದುಂಟೇ?

ಆದರೆ ಆ ಕಿಟ್ಟೆಲ್ಲರ ಕಥೆಯಲ್ಲಿಯೇ ನಮ್ಮ ಪ್ರಶ್ನೆಯೂ ಇದೆ. ಧಾರವಾಡ ಸೀಮೆಗೆ ಬಂದ ಆ ತರುಣನಿಗೆ ಕನ್ನಡಿಗರ ನಡುವೆ ಕನ್ನಡಿಗನಾಗಿ ಬಾಳಬೇಕೆಂಬ ಹಂಬಲವಿತ್ತು. ಬಂಗಲೆಯ ಅಂತರವನ್ನು ಕಳೆದುಕೊಂಡು ಜನರೊಡನೆ ಬೆರೆಯಲು ಆತ ಹೊರಟಾಗ ಮುಖ ಗಂಟಿಕ್ಕಿದವರು ಯಾರು? ಕನ್ನಡಿಗರಲ್ಲ, ಆತನ ಜೊತೆಗಾರ ಮಿಶನರಿಗಳು. ಅವರಿಗೆ ಕನ್ನಡದ ಹಾಡು ಬೇಕಾಗಿತ್ತು, ಕನ್ನಡದ ಬೈಬಲ್ ಬೇಕಾಗಿತ್ತು, ಕನ್ನಡದ ವ್ಯಾಕರಣ ಬೇಕಾಗಿತ್ತು. ಕನ್ನಡಿಗನಾಗುವ ಮಿಶನರಿ ಮಾತ್ರ ಬೇಕಾಗಿರಲಿಲ್ಲ. ಭಾಷೆಯನ್ನು ಸ್ವೀಕರಿಸುವುದಕ್ಕೂ ಆ ಭಾಷೆಯ ಜನರನ್ನು ಸಮಾನರೆಂದು ಸ್ವೀಕರಿಸುವುದಕ್ಕೂ ನಡುವೆ ಇರುವ ಕಂದಕ ಇಂಥದು.

ನಮ್ಮ ಸಮಾಜಕ್ಕೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಇದು ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದಿರಲಾರದು. 1840ರ ಸುಮಾರಿಗೆ ಹುಬ್ಬಳ್ಳಿ, ಗದಗು ಭಾಗಗಳಲ್ಲಿ ಕಾಲಜ್ಞಾನದ ನುಡಿಗಳನ್ನು ನಂಬಿದ್ದ ಕೆಲವು ಜನ ಮಿಶನರಿಗಳ ಬಳಿ ಬಂದರು. ಬರಲಿರುವ ಧರ್ಮರಾಜ್ಯದ ಕುರುಹನ್ನು ಈ ಬಿಳಿಯರಲ್ಲಿ ಅವರು ಹುಡುಕಿದರು. ಇತ್ತ ಮಿಶನರಿಗಳು ಅದೇ ಕಾಲಜ್ಞಾನದಲ್ಲಿ ತಮ್ಮ ಸುವಾರ್ತೆಗೆ ದಾರಿ ತೆರೆಯಿತೆಂದು ಹಿಗ್ಗಿದರು. ಸಾವಿರಾರು ಲಿಂಗವಂತರು ಒಟ್ಟಾಗಿ ಬರುವರೆಂದು ಎಣಿಸಿ, ಅವರಿಗಾಗಿ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಒಂದು ವಸಾಹತನ್ನೂ ಕಟ್ಟಲು ಹೊರಟರು. ಬಂದವರು ಬೆರಳೆಣಿಕೆಯಷ್ಟು, ಯೋಜನೆ ಕುಸಿಯಿತು. ‘ನಮ್ಮವರು ಸೋಲಿಸಿದರು’ ಎಂದು ಇದನ್ನು ಕೇಳಿ ಎದೆಯುಬ್ಬಿಸಬೇಡಿ. ಯಾರೂ ಯಾರನ್ನೂ ಸೋಲಿಸಲಿಲ್ಲ. ಎರಡು ಕಡೆಯವರೂ ಒಬ್ಬರ ಮಾತನ್ನು ಇನ್ನೊಬ್ಬರು ಕೇಳದೆ, ತಮ್ಮ ತಮ್ಮ ಕನಸನ್ನೇ ಎದುರಿನವನ ಬಾಯಿಂದ ಕೇಳಿದರು, ಅಷ್ಟೆ.

ಇನ್ನು ಅಧಿಕಾರದ ವಿಷಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಆ ಪಟ್ಟಣವೇ ಅಲ್ಲೋಲಕಲ್ಲೋಲವಾಯಿತು. ಆತ ಮೋಗ್ಲಿಂಗರೊಡನೆ ಬಾಸೆಲ್ಲಿಗೆ ಹೋಗಿ, ಅಲ್ಲಿಯ ವಿದ್ಯಾಲಯದಲ್ಲಿ ಓದಿ, 1851ರಲ್ಲಿ ಪೂರ್ಣ ಮಿಶನರಿಯಾಗಿ ಹಿಂದಿರುಗಿದ. ಮುಂದೆ ಜರ್ಮನ್ ಮಹಿಳೆಯೊಬ್ಬಳನ್ನು ವಿವಾಹವಾದ. ಕೊಡಗಿನ ಆನಂದಪುರದಲ್ಲಿ ಹೊಲೆಯರ ನಡುವೆ ನಡೆದ ಕಾರ್ಯದಲ್ಲಿ ಪಾಲ್ಗೊಂಡ. ಬಹುಸಂಸ್ಕೃತಿಯ ಸಭೆ ಎಂದರೆ ಹೇಗಿರಬಹುದೆಂಬುದಕ್ಕೆ ಇದಕ್ಕಿಂತ ಉಜ್ವಲ ನಿದರ್ಶನ ಬೇಕೇ? ಆದರೆ ಆ ನಿದರ್ಶನ ನಿಯಮವಾಗಲಿಲ್ಲ, ಅಪವಾದವಾಗಿ ಉಳಿಯಿತು. ಕನ್ನಡ ನಾಡಿನ ಉಪದೇಶಿಗಳು ಬಿಸಿಲಲ್ಲಿ ಊರೂರು ಅಲೆದರು. ನಿರ್ಣಯಗಳು ಮಾತ್ರ ಸಾವಿರಾರು ಮೈಲಿ ದೂರದ ಬಾಸೆಲ್ ಸಮಿತಿಯಲ್ಲಿ ಆಗುತ್ತಿದ್ದವು. ಮಿಶನರಿ ಯಾರನ್ನು ಮದುವೆಯಾಗಬೇಕೆಂಬುದಕ್ಕೂ ಆ ಸಮಿತಿಯ ಒಪ್ಪಿಗೆ ಬೇಕಾಗಿತ್ತು! ತಮ್ಮವರನ್ನೇ ಅಷ್ಟು ಬಿಗಿಯಾಗಿ ಹಿಡಿದವರು ಪರರ ಕೈಗೆ ಹಗ್ಗವನ್ನು ಬಿಡುವುದುಂಟೇ?

ಹಗ್ಗ ಸಡಿಲವಾದದ್ದು ಯಾವಾಗ? 1914ರ ಮಹಾಯುದ್ಧದಲ್ಲಿ. ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟು ಆಮೇಲೆ ಸ್ವದೇಶಕ್ಕೆ ಸಾಗಿಸಿತು. ಅವರ ಹಂಚಿನ ಕಾರ್ಖಾನೆಗಳೂ ನೇಯ್ಗೆಯ ಶಾಲೆಗಳೂ ಅವರ ಕೈತಪ್ಪಿದವು. ಆಗ ಉಳಿದವರು ಇಲ್ಲಿಯ ಪಾದ್ರಿಗಳು, ಉಪದೇಶಿಗಳು, ಬಡ ಸಭಿಕರು. ಸಭೆ ಸಾಯಲಿಲ್ಲ. ಚೀನದಲ್ಲಿಯೂ ಇದೇ ಆಯಿತು: 1949ರ ಕ್ರಾಂತಿಯ ನಂತರ ಪಾಶ್ಚಾತ್ಯ ಮಿಶನರಿಗಳೆಲ್ಲ ಹೊರದೂಡಲ್ಪಟ್ಟರು, ಆಮೇಲೆಯೇ ಅಲ್ಲಿಯ ಕ್ರೈಸ್ತರು ಹಿಂದೆಂದೂ ಇಲ್ಲದಷ್ಟು ಬೆಳೆದರು. ಸ್ಥಳೀಯರು ಇನ್ನೂ ಪಕ್ವರಾಗಿಲ್ಲವೆಂಬುದು ಹಿಂದಿನ ಸಮಿತಿಗಳ ನೆಚ್ಚಿನ ವಾದವಾಗಿತ್ತು. ಅವರು ಪಕ್ವರಾಗಿದ್ದರೆಂಬುದನ್ನು ತೋರಿಸಲು ತುಪಾಕಿಯೇ ಬರಬೇಕಾಯಿತೆಂದರೆ, ಆ ಅಧಿಕಾರ ಹಸ್ತಾಂತರದ ಪುಣ್ಯವನ್ನು ಕೊಟ್ಟವರ ಲೆಕ್ಕಕ್ಕೆ ಬರೆಯುವುದು ಹೇಗೆ?

ಇದು ನಮ್ಮ ದ್ವೇಷದ ಮಾತೆಂದು ಯಾರೂ ಭಾವಿಸಬಾರದು. ನಮಗಿಂತ ತೀಕ್ಷ್ಣವಾಗಿ ಇದನ್ನು ಹೇಳಿದವರು ಕ್ರೈಸ್ತರೇ. 1910ರ ಜೂನ್ ತಿಂಗಳಲ್ಲಿ ಎಡಿನ್‌ಬರೊ ಪಟ್ಟಣದಲ್ಲಿ ಜಾಗತಿಕ ಮಿಶನರಿ ಸಮ್ಮೇಳನ ನೆರೆಯಿತು. ಸೇರಿದ ಪ್ರತಿನಿಧಿಗಳು ಸುಮಾರು 1,200 ಮಂದಿ. ಅವರಲ್ಲಿ ಏಷ್ಯದವರು ಇಪ್ಪತ್ತಕ್ಕಿಂತ ಕಡಿಮೆ. ಜಗತ್ತಿಗೆಲ್ಲ ಸುವಾರ್ತೆ ಸಾರುವ ಆ ಉತ್ಸಾಹದ ನಡುವೆ ತಿರುನೆಲ್ವೇಲಿ ಸೀಮೆಯ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಎದ್ದು ನಿಂತರು. ಭಾರತದ ಮಿಶನರಿಗಳು ಇಲ್ಲಿಯ ಸಹೋದ್ಯೋಗಿಗಳೊಡನೆ ಧಣಿಗಳಂತೆ ವರ್ತಿಸುತ್ತಾರೆ, ವರ್ಷಗಟ್ಟಲೆ ಜೊತೆಗೆ ದುಡಿದವರನ್ನೂ ಮನೆಗೆ ಊಟಕ್ಕೆ ಕರೆಯುವುದಿಲ್ಲ ಎಂದು ಸಭೆಯ ಮುಖಕ್ಕೇ ಹೇಳಿದರು. ನೀವು ನಮಗಾಗಿ ಧನವನ್ನೂ ದೇಹವನ್ನೂ ಸವೆಸಿದ್ದೀರಿ, ಅದನ್ನು ಬಲ್ಲೆವು. ಆದರೆ ನಾವು ಕೇಳುವುದು ಪ್ರೀತಿಯನ್ನು, ಸ್ನೇಹವನ್ನು ಎಂಬುದು ಅವರ ಮಾತಿನ ತಾತ್ಪರ್ಯ. ಕೇಳಿದ ಅನೇಕರಿಗೆ ಇದು ರುಚಿಸಲಿಲ್ಲ. ಎರಡು ವರ್ಷಗಳ ಮೇಲೆ, 1912ರಲ್ಲಿ, ಅದೇ ಅಜರಯ್ಯ ದೋರ್ನಕಲ್ಲಿನ ಬಿಷಪ್ಪರಾಗಿ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾದರು. ಸಹಪಂಕ್ತಿಯ ಬೆಲೆ ಏನೆಂಬುದನ್ನು ಬಲ್ಲ ನಮ್ಮ ಭಕ್ತರಿಗೆ ಆ ಊಟದ ಮಾತಿನ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

‘ಸಂಸ್ಕೃತಿ’ ಎಂಬ ಪದವನ್ನೇ ಇನ್ನು ಸ್ವಲ್ಪ ತಿಕ್ಕಿ ನೋಡೋಣ, ಏಕೆಂದರೆ ಈ ವಾದದ ತಿರುಳು ಅಲ್ಲಿದೆ. ಪರದೇಶದ ಮತ ಈ ನೆಲದ ಸಂಸ್ಕೃತಿಯನ್ನು ಧರಿಸಬೇಕು ಎಂದಾಗ, ಯಾರ ಸಂಸ್ಕೃತಿಯನ್ನು? 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸುಯಿಟ್ ಪಾದ್ರಿ ರಾಬರ್ಟೊ ದೆ ನೊಬಿಲಿ ಕಾವಿ ಉಟ್ಟರು, ಮಾಂಸ ತೊರೆದರು, ತಮಿಳು ಸಂಸ್ಕೃತಗಳನ್ನು ಕರತಲಾಮಲಕ ಮಾಡಿಕೊಂಡರು. ಇಂದಿನ ಬಹುಸಂಸ್ಕೃತಿವಾದಿಗಳು ಅವರನ್ನು ತಮ್ಮ ಮೂಲಪುರುಷರೆಂದು ಕೊಂಡಾಡುತ್ತಾರೆ. ವಿದ್ವತ್ತಿನಲ್ಲಿ ಅವರು ದೊಡ್ಡವರು, ಸಂದೇಹವಿಲ್ಲ. ಆದರೆ ಅವರು ಮೇಲುಜಾತಿಯವರಿಗಾಗಿ ಪ್ರತ್ಯೇಕ ದೇವಾಲಯ ಕಟ್ಟಿದರು, ಕೆಳಜಾತಿಯ ಕ್ರೈಸ್ತರಿಂದ ದೂರ ಉಳಿದರು. ಜನಿವಾರ, ಶಿಖೆ, ಗಂಧಗಳನ್ನು ಹೊಸ ಕ್ರೈಸ್ತರು ಇಟ್ಟುಕೊಳ್ಳಬಹುದೆಂದು 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಅನುಮತಿಯಿತ್ತರು. ಮುಂದೆ ‘ಅಸ್ಪೃಶ್ಯ’ರ ನಡುವೆ ದುಡಿಯಲು ಬೇರೆಯೇ ಒಂದು ವರ್ಗದ ಪಾದ್ರಿಗಳು, ಪಂಡಾರಸ್ವಾಮಿಗಳೆಂಬ ಹೆಸರಿನಲ್ಲಿ, ಬಂದರು. ಒಂದೇ ಏಸುವಿಗೆ ಎರಡು ಬಾಗಿಲು! ಇದನ್ನು ಕುರಿತ ವಿವಾದ ರೋಮಿನಲ್ಲಿ ನೂರಕ್ಕೂ ಹೆಚ್ಚು ವರ್ಷ ನಡೆಯಿತು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಕೊಟ್ಟ ತೀರ್ಪು ಕೂಡ ಕೆಳವರ್ಗದವರಿಗೆ ಪ್ರತ್ಯೇಕ ಮಿಶನರಿಗಳ ವ್ಯವಸ್ಥೆಯನ್ನೇ ಸೂಚಿಸಿತು. ಸಂಸ್ಕೃತಿಯನ್ನು ಗೌರವಿಸುತ್ತೇವೆಂದು ಹೊರಟವರು ಗೌರವಿಸಿದ್ದು ಜಾತಿಯನ್ನು.

ಇದಕ್ಕೆ ಪ್ರತಿಯಾಗಿ, ನಮ್ಮ ಆಚಾರಗಳನ್ನು ತಿರಸ್ಕರಿಸಿದವರೆಂದು ನಾವು ದೂರುವ ಪ್ರೊಟೆಸ್ಟೆಂಟರ ನಡೆ ನೋಡಿ. ಕಲಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸುತ್ತೋಲೆ ಬರೆದು, ಸಭೆಯೊಳಗೆ ಜಾತಿಭೇದವನ್ನು ತಡಮಾಡದೆ ಸಂಪೂರ್ಣವಾಗಿ ತ್ಯಜಿಸಬೇಕೆಂದು ವಿಧಿಸಿದರು. ದಕ್ಷಿಣದಲ್ಲಿ ಎಷ್ಟೋ ಮೇಲುಜಾತಿಯ ಕ್ರೈಸ್ತರು ಇದಕ್ಕಾಗಿಯೇ ಸಭೆ ಬಿಟ್ಟುಹೋದರು. ಬಾಸೆಲ್ಲಿನವರೂ ಜಾತಿಯ ವಿಷಯದಲ್ಲಿ ಅಷ್ಟೇ ಕಠೋರರು. ಒಂದೆಡೆ ನೆಲದ ಉಡುಪನ್ನು ಧರಿಸಿ ನೆಲದ ಅನ್ಯಾಯವನ್ನೂ ಧರಿಸಿದವರು. ಇನ್ನೊಂದೆಡೆ ಅನ್ಯಾಯವನ್ನು ಎದುರಿಸಿ, ನೆಲದ ಜನರ ಕೈಗೆ ಅಧಿಕಾರವನ್ನು ಮಾತ್ರ ಕೊಡದವರು. ಇವರಲ್ಲಿ ಯಾರು ಹೆಚ್ಚು ಪರದೇಶಿಗಳು? ನಮ್ಮನ್ನು ಕೇಳಿದರೆ, ಮೊದಲನೆಯವರಿಗಿಂತ ಎರಡನೆಯವರಲ್ಲಿ ನಮಗೆ ಒಲವು ಹೆಚ್ಚು ಎಂದೇ ಹೇಳುತ್ತೇವೆ; ನಮ್ಮ ಪೀಠಕ್ಕೆ ಇದು ತಕ್ಕ ಮಾತಲ್ಲವೆಂದು ಯಾರಾದರೂ ಅಂದರೆ ಅನ್ನಲಿ.

ನಮ್ಮ ಕಾಲಕ್ಕೆ ಬರೋಣ. ಎರಡನೆಯ ವ್ಯಾಟಿಕನ್ ಸಮ್ಮೇಳನದ ನಂತರ ಕೆಥೋಲಿಕ ಬಲಿಪೂಜೆ ಲ್ಯಾಟಿನ್ ಭಾಷೆಯಿಂದ ದೇಶಭಾಷೆಗಳಿಗೆ ಇಳಿಯಿತು. 1969ರಲ್ಲಿ ಆರತಿ, ಪಂಚಾಂಗ ಪ್ರಣಾಮ, ನೆಲದ ಮೇಲೆ ಕುಳಿತು ಮಾಡುವ ಪೂಜೆ, ಅಂಗವಸ್ತ್ರ ಮೊದಲಾದ ಹನ್ನೆರಡು ಅಂಶಗಳಿಗೆ ರೋಮ್ ಸಮ್ಮತಿಸಿತು. ಈ ಚಳುವಳಿಯ ಕೇಂದ್ರವಾಗಿದ್ದದ್ದು ನಮ್ಮ ಬೆಂಗಳೂರಿನಲ್ಲಿಯೇ, 1967ರಲ್ಲಿ ಅಮಲೋರ್‌ಪವದಾಸರು ಸ್ಥಾಪಿಸಿದ ಸಂಸ್ಥೆ. ಅವರು ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಪೀಠವನ್ನು ವಹಿಸಿಕೊಂಡರು. ‘ನಮ್ಮ ದೀಪ, ನಮ್ಮ ಆರತಿ, ನಮ್ಮ ಕಾವಿಯನ್ನು ಕದ್ದರು’ ಎಂದು ಆಗ ಕೆಲವು ಹಿಂದೂ ಮುಖಂಡರು ಹುಯಿಲೆಬ್ಬಿಸಿದರು. ಆದರೆ ಅದಕ್ಕಿಂತ ಆಳವಾದ ಆಕ್ಷೇಪ ಬಂದದ್ದು ಚರ್ಚಿನ ಒಳಗಿನಿಂದ. 1981ರಲ್ಲಿ, ಅದೇ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ, ಅರವಿಂದ ನಿರ್ಮಲ್ ಎಂಬ ವಿದ್ವಾಂಸರು ಶೂದ್ರ ದೇವತಾಶಾಸ್ತ್ರದ ಕಡೆಗೆ ಕರೆಕೊಟ್ಟು ಉಪನ್ಯಾಸ ಮಾಡಿದರು. ದಲಿತ ಕ್ರೈಸ್ತ ಚಿಂತನೆ ಅಲ್ಲಿಂದ ಮೊಳೆಯಿತೆನ್ನುತ್ತಾರೆ. ಅವರ ವಾದದ ಸಾರ ಇಷ್ಟು: ಭಾರತದ ಕ್ರೈಸ್ತ ಪಂಡಿತರು ವೇದಾಂತದೊಡನೆ ಸಂವಾದ ನಡೆಸುವುದರಲ್ಲಿ ಮೈಮರೆತಿದ್ದಾರೆ, ಆದರೆ ಸಭೆಯಲ್ಲಿ ಕುಳಿತವರ ಪೈಕಿ ಹೆಚ್ಚಿನವರು ಆ ವೈದಿಕ ಪರಂಪರೆ ಯಾರನ್ನು ಊರ ಹೊರಗಿಟ್ಟಿತೋ ಅವರ ಮಕ್ಕಳು. ಗುಡಿಯ ಒಳಗೆ ಬಿಟ್ಟುಕೊಳ್ಳದ ಕಾರಣ ಗುಡಿಯನ್ನೇ ಬಿಟ್ಟುಬಂದವನ ಎದುರು, ಅದೇ ಗುಡಿಯ ದೀಪವನ್ನು ಹಚ್ಚಿ ‘ಇದು ನಿನ್ನ ಸಂಸ್ಕೃತಿ’ ಎಂದರೆ ಅವನಿಗೆ ಹೇಗಾದೀತು?

ಇಂದು ಬೆಂಗಳೂರಿನ ಸ್ಥಿತಿ ಏನು? ತಮಿಳರು, ಕನ್ನಡಿಗರು, ಕೊಂಕಣಿಗರು, ಮಲಯಾಳಿಗಳು, ಇಂಗ್ಲಿಷ್ ಬಲ್ಲವರು ಎಲ್ಲರೂ ಕೂಡಿದ ಚರ್ಚು ಅಲ್ಲಿಯದು. ಬಹುಸಂಸ್ಕೃತಿ ಎಂದರೆ ಅದೇ ತಾನೇ? ಆದರೆ ಲ್ಯಾಟಿನ್ ಬಿಟ್ಟು ತೆರವಾದ ಸ್ಥಾನದಲ್ಲಿ ಯಾವ ಭಾಷೆ ಕೂರಬೇಕೆಂಬ ಜಗಳ ದಶಕಗಳ ಕಾಲ ಅಲ್ಲಿ ಹೊತ್ತಿ ಉರಿದಿದೆ. ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡದ ಪೂಜೆಗಾಗಿ ಕನ್ನಡ ಕ್ರೈಸ್ತರು ಚಳುವಳಿ ಹೂಡಬೇಕಾಯಿತು. ತಮಿಳು ಕ್ರೈಸ್ತರಿಗೂ ಅವರದೇ ಆದ ನ್ಯಾಯವುಂಟು. ದಂಡುಪ್ರದೇಶದ ಎಷ್ಟೋ ಚರ್ಚುಗಳು ಅವರ ಅಜ್ಜಂದಿರ ಬೆವರಿನಿಂದ ಎದ್ದವು. ಆ ಜಗಳವನ್ನು ತೀರಿಸುವುದು ನಮ್ಮ ಕೆಲಸವಲ್ಲ. ಅನೇಕ ಭಾಷೆಗಳು ಒಂದೇ ಸೂರಿನಡಿ ಸೇರಿದ ಮಾತ್ರಕ್ಕೆ ಸಹಬಾಳ್ವೆ ಸಿದ್ಧಿಸುವುದಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಮಾತ್ರ ಹೇಳಿದೆವು.

ಇದಕ್ಕಿಂತ ಕ್ರೂರವಾದುದು ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನದ ಗೋಡೆ. ದಲಿತ ಕ್ರೈಸ್ತರ ಗೋರಿಗಳನ್ನು ಉಳಿದವರ ಗೋರಿಗಳಿಂದ ಬೇರ್ಪಡಿಸಲು ಎಬ್ಬಿಸಿದ ಗೋಡೆ ಅದು. ಪುನರುತ್ಥಾನದ ದಿನ ಸತ್ತವರೆಲ್ಲ ಏಳುವರೆಂದು ನಂಬಿದವರು, ಏಳುವಾಗಲೂ ಮುಟ್ಟಿಸಿಕೊಳ್ಳಬಾರದೆಂದು ಏರ್ಪಾಡು ಮಾಡಿಕೊಂಡರೇ? ಭಾರತದ ಕೆಥೋಲಿಕ ಬಿಷಪ್ಪರ ಮಂಡಲಿ 2016ರಲ್ಲಿ ಹೊರಡಿಸಿದ ದಲಿತ ನೀತಿಯಲ್ಲಿ ತಮ್ಮ ಸಭೆಯೊಳಗೆ ಜಾತಿಭೇದವಿದೆಯೆಂದು ಸ್ವತಃ ಒಪ್ಪಿಕೊಂಡಿತು. ದಲಿತ ಕುಲದಲ್ಲಿ ಜನಿಸಿದ ಒಬ್ಬರು, ಹೈದರಾಬಾದಿನ ಆರ್ಚ್‌ಬಿಷಪ್ ಆಂಟನಿ ಪೂಲ, ಮೊದಲ ಬಾರಿಗೆ ಕಾರ್ಡಿನಲ್ ಪದವಿಗೇರಿದ್ದು 2022ರಲ್ಲಿ. ಸಂತೋಷದ ಸಂಗತಿ, ನಿಜ. ಆದರೆ ಗೋವೆಯಲ್ಲಿ ಪೋರ್ತುಗೀಸರು ಕಾಲೂರಿದ್ದು 1510ರಲ್ಲಿ. ನಡುವಿನ ಐನೂರು ವರ್ಷ ಎಲ್ಲಿಗೆ ಹೋದವು?

ಈಗ ನಿಮ್ಮ ಕಡೆಗೆ ತಿರುಗುತ್ತೇವೆ, ಭಕ್ತರೇ. ಇಷ್ಟನ್ನು ಓದಿ ‘ಅವರಲ್ಲಿಯೂ ಜಾತಿ ಇದೆಯಲ್ಲ’ ಎಂದು ಸಮಾಧಾನದ ಉಸಿರು ಬಿಟ್ಟವರು ನಿಮ್ಮಲ್ಲಿ ಇದ್ದರೆ, ನಾವು ಬರೆದದ್ದು ನಿಮಗಾಗಿ ಅಲ್ಲ. ಆ ಗೋಡೆಯ ಇಟ್ಟಿಗೆ ಬಾಸೆಲ್ಲಿನಿಂದಾಗಲಿ ರೋಮಿನಿಂದಾಗಲಿ ಹಡಗಿನಲ್ಲಿ ಬಂದದ್ದಲ್ಲ. ಅದು ಈ ನೆಲದ ಮಣ್ಣಿನಿಂದ ಸುಟ್ಟದ್ದು. ಮತಾಂತರವೆಂದರೆ ಗೋಧಿ, ಹಾಲಿನ ಪುಡಿ, ಹಣದ ಆಮಿಷ ಎಂದು ನಮ್ಮ ವೇದಿಕೆಗಳಿಂದ ಭಾಷಣಕಾರರು ಗುಡುಗುತ್ತಾರೆ. ಆಮಿಷವೊಡ್ಡಿದ ಪ್ರಸಂಗಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡರಷ್ಟೂ ಇಲ್ಲ. ಎರಡು ಶತಮಾನಗಳ ಪ್ರಚಾರದ ನಂತರ ಇಷ್ಟು! ಈ ಸಂಖ್ಯೆಗೆ ಹೆದರಿ ನಡುಗುವ ಬಹುಸಂಖ್ಯಾತರ ಧರ್ಮನಿಷ್ಠೆ ಎಂಥದೆಂದು ನಾವೇ ಕೇಳಿಕೊಳ್ಳಬೇಕು. ಮತಪ್ರಚಾರದ ಹಕ್ಕಿನಲ್ಲಿ ಅನ್ಯರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದರೆ ತನ್ನ ಅಂತರಂಗ ಒಪ್ಪಿದ ದಾರಿಯನ್ನು ಹಿಡಿಯುವ ಸ್ವಾತಂತ್ರ್ಯವನ್ನು ಯಾವ ಕೋರ್ಟೂ ಮನುಷ್ಯನಿಂದ ಕಸಿಯಲಾರದು. ಆ ಸ್ವಾತಂತ್ರ್ಯವಿಲ್ಲದಿದ್ದರೆ ಹನ್ನೆರಡನೆಯ ಶತಮಾನದಲ್ಲಿ ನಮ್ಮ ಹಿರಿಯರು ಏನಾಗುತ್ತಿದ್ದರು?

ಸರಕಾರದ ವಿಚಿತ್ರವನ್ನೂ ನೋಡಿ. 1950ರ ರಾಷ್ಟ್ರಪತಿಗಳ ಆದೇಶ ಮೊದಲು ಹಿಂದೂಗಳನ್ನಷ್ಟೇ ಪರಿಶಿಷ್ಟ ಜಾತಿಯಲ್ಲಿ ಪರಿಗಣಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ಕ್ರೈಸ್ತರಾದೊಡನೆ ಜಾತಿ ಹೋಯಿತೆಂದು ಕಾನೂನು ಹೇಳುತ್ತದೆ. ಊರು ಹಾಗೆ ಹೇಳುವುದಿಲ್ಲ. ಸ್ಮಶಾನ ಹಾಗೆ ಹೇಳುವುದಿಲ್ಲ. ಚರ್ಚಿನ ಮುಖಂಡರು ದಿಲ್ಲಿಯಲ್ಲಿ ಈ ಮೀಸಲಾತಿಗಾಗಿ ಬೇಡಿಕೆಯಿಡುವಾಗ ‘ನಮ್ಮವರಿಗೂ ಜಾತಿಯ ಪೆಟ್ಟು ತಪ್ಪಿಲ್ಲ’ ಎನ್ನುತ್ತಾರೆ. ಜಾಗತಿಕ ವೇದಿಕೆಗಳಲ್ಲಿ ಸರ್ವಸಂಸ್ಕೃತಿಗಳ ಸಭೆಯ ಚಿತ್ರವನ್ನು ತೋರಿಸುವಾಗ ಆ ಪೆಟ್ಟಿನ ಗಾಯದ ಮೇಲೆ ಬಣ್ಣದ ಶಾಲು ಹೊದಿಸುತ್ತಾರೆ. ಎರಡೂ ಮಾತನ್ನು ಒಂದೇ ವೇದಿಕೆಯಲ್ಲಿ ಹೇಳುವ ಧೈರ್ಯ ಅವರಿಗೆ ಬರಬೇಕು.

ಹಿಂದೆ ಮಿಶನರಿಗಳನ್ನು ಕಳಿಸಿದ ಜರ್ಮನಿಯಲ್ಲಿ ಇಂದು ಕೇರಳದ ಪಾದ್ರಿಗಳೂ ಕನ್ಯಾಸ್ತ್ರೀಯರೂ ಸೇವೆ ಮಾಡುತ್ತಿದ್ದಾರೆ. ಹಳೆಯ ಬಾಸೆಲ್ ಮಿಶನ್ನಿನ ಕಾರ್ಯವನ್ನು 2001ರಿಂದ ‘ಮಿಶನ್ 21’ ಎಂಬ ಸಂಸ್ಥೆ ಮುಂದುವರಿಸಿದೆ. ಪ್ರವಾಹ ತಿರುಗಿದೆಯೆಂದು ಇದನ್ನು ನೋಡಿ ಅನೇಕರು ಸಂಭ್ರಮಿಸುತ್ತಾರೆ. ತಿರುಗಿರಬಹುದು. ನಮ್ಮ ನಾಡಿನ ಚರ್ಚುಗಳ ಹಿರಿಯರನ್ನು ನಾವು ಗೌರವಪೂರ್ವಕವಾಗಿಯೇ ಕೇಳುತ್ತೇವೆ: ಜರ್ಮನಿಗೆ ಹೋದ ಆ ಪಾದ್ರಿ ಅಲ್ಲಿ ನಿರ್ಣಯ ಮಾಡುವ ಸ್ಥಾನದಲ್ಲಿದ್ದಾನೆಯೇ, ಪಾದ್ರಿಗಳು ಸಾಲದ ಊರಿನಲ್ಲಿ ಪೂಜೆ ಸಾಗಿಸುವ ಕೂಲಿಯಾಗಿದ್ದಾನೆಯೇ? ನಿಮ್ಮ ಬಿಷಪ್ಪರ ಆಯ್ಕೆಯಲ್ಲಿ ಹಳ್ಳಿಯ ದಲಿತ ಸಭಿಕನ ಮಾತು ಎಷ್ಟು ನಡೆಯುತ್ತದೆ? ನಿಮ್ಮ ಪಾದ್ರಿಗಳು ಅಜರಯ್ಯನವರು ಕೇಳಿದ ಆ ಊಟಕ್ಕೆ ನಿಮ್ಮದೇ ಉಪದೇಶಿಯನ್ನು ಕರೆಯುತ್ತಾರೆಯೇ? ತಿರುಚಿರಾಪಳ್ಳಿಯಂಥ ಗೋಡೆಗಳನ್ನು ಕೆಡವಲು ಯಾವ ಬಿಷಪ್ಪರು ಗುದ್ದಲಿ ಹಿಡಿದರು? ಉತ್ತರ ಕಳಿಸಿದರೆ ಒಂದಕ್ಷರವನ್ನೂ ಕಡಿಯದೆ ಇದೇ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ಅವರು ನಮ್ಮ ಮಠಗಳನ್ನು ಕುರಿತು ಇಂಥವೇ ಪ್ರಶ್ನೆಗಳನ್ನು ಕೇಳಿ ಕಳಿಸಿದರೆ ಅವನ್ನೂ ಪ್ರಕಟಿಸುತ್ತೇವೆ.